ಗಾಜಿನ ಬಾಗಿಲ ಹಿಂದಿನ ಲಂಗ

ಹಿತ್ತಲ ದೀಪ ಹಾಕುವುದು. ಬೋರ್‌ವೆಲ್ಲಿನ ಸಿಮ್ ಹಾಕಿದ ಸ್ಟಾರ್ಟರಿಗೆ ಫೋನು ಮಾಡಿ ತ್ರೀ ಫೇಸ್ ಬಂದಿದೆಯೇ ಎಂದು ಕೇಳುವುದು. ಬಂದಿದೆ ಎಂದು ಅದರೊಳಗಿನ ಹೆಣ್ಣುದನಿ ಹೇಳಿದರೆ ಗುಂಡಿ ಒತ್ತಿ ಮೋಟರು ಹಾಕುವುದು. ಕೊಟ್ಟಿಗೆಯ ಸಗಣಿ ಬಾಚುವುದು, ಹಾಲು ಕರೆದು ಕ್ಯಾನನ್ನು ಡೈರಿಗೆ ಮುಟ್ಟಿಸುವುದು. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುವುದು. ಅತ್ತೆಯ ಥೈರಾಯ್ಡ್ ಮಾತ್ರೆ, ಅದಕ್ಕೆ ಉಗುರುಬೆಚ್ಚಗಿನ ನೀರು. ಮಾವನ ಕಿವಿಯ ಮಷೀನಿಗೆ ಸೆಲ್ಲು. ಕುಕ್ಕರಿನ ತಳದಲ್ಲಿ ಬೇಳೆ, ಅದರ ಮೇಲಿನ ಡಬ್ಬಿಯಲ್ಲಿ ಅನ್ನ, ಅದರ ಮೇಲೆ ತಟ್ಟೆ ಮುಚ್ಚಿ ಆಲೂಗಡ್ಡೆ. ವೋಲ್ಟೇಜು ಇಳಿಯುವ ಮುಂಚೆ ಮಿಕ್ಸಿಯಲ್ಲಿ ಚಟ್ನಿ. ಗಂಡನ ಅಂಗಿಗೆ ಇಸ್ತ್ರಿ, ಮಗಳ ಊಟದ ಡಬ್ಬಿ. ಗಂಡಸರ ಬಟ್ಟೆಯನ್ನು ವಾಷಿಂಗ್ ಮಷೀನಿಗೆ ಹಾಕುವುದು. ಕೊನೆಗೆ, ಇನ್ನೂ ಮಬ್ಬುಗತ್ತಲಿರುವಾಗಲೇ, ಹಿತ್ತಲ ಕಲ್ಲಿನ ಮೇಲೆ ಹೆಂಗಸರ ಬಟ್ಟೆ ಕುಕ್ಕಿ ಒಗೆಯುವುದು.

ಇಷ್ಟೆಲ್ಲ ಮುಗಿದ ಮೇಲೆ ಮಂಚೇನಹಳ್ಳಿಯಲ್ಲಿ ಬೆಳಗಾಗುತ್ತದೆ. ಆಗ ಚಿಕ್ಕವೆಂಕಟಮ್ಮ ಎದ್ದು ಬಂದು, ಜಗಲಿಯ ಮೇಲೆ ಕಾಲು ಚಾಚಿ ಕೂತು, ಸೊಸೆಯನ್ನು ಕೇಳುತ್ತಾಳೆ: “ಏನಮ್ಮಾ ಶೋಭಾ, ಇನ್ನೂ ಕೆಲಸ ಶುರು ಮಾಡಿಲ್ವಾ?”

ಶೋಭಾರಾಣಿಗೆ ಈ ಪ್ರಶ್ನೆ ಹಳೆಯದು. ಮೊದಮೊದಲು ಉತ್ತರ ಕೊಡುತ್ತಿದ್ದಳು. ಈಗ ಕಾಫಿ ಲೋಟ ಕೊಟ್ಟು ಒಳಗೆ ಹೋಗುತ್ತಾಳೆ.

ಆ ಮನೆಯಲ್ಲಿ ಕರೆಂಟಿನ ಮೇಲೆ ನಡೆಯುವ ಯಾವ ಸಾಮಾನು ಕೈಕೊಟ್ಟರೂ ಮೊದಲು ಕೂಗುವುದು ಅವಳ ಹೆಸರನ್ನೇ. ಶಿಡ್ಲಘಟ್ಟದ ಹತ್ತಿರದ ತವರಿನಲ್ಲಿ, ರೇಷ್ಮೆಹುಳು ಸಾಕುವ ಮನೆಯಲ್ಲಿ ಬೆಳೆದವಳು. ಅಲ್ಲಿ ಹುಳುವಿನ ಕೋಣೆಗೆ ಎಷ್ಟು ಕಾವು ಬೇಕು, ಎಷ್ಟು ತೇವ ಬೇಕು ಎಂದು ನೋಡಿಕೊಳ್ಳುವುದು ಹೆಣ್ಣುಮಕ್ಕಳ ಪಾಲಿಗೆ ಬಂದ ಕೆಲಸ. ಹೀಟರು ಕೆಟ್ಟರೆ ಅಪ್ಪ ಪೇಟೆಗೆ ಹೊತ್ತುಕೊಂಡು ಹೋಗಿ ಬರುವಷ್ಟರಲ್ಲಿ ಹುಳು ಸಾಯುತ್ತಿತ್ತು. ಹಾಗಾಗಿ ಕೆಟ್ಟದ್ದನ್ನು ನೋಡಿ ಹೆದರದೆ ಹತ್ತಿರ ಹೋಗಿ ಕೂರುವ ಅಭ್ಯಾಸ ಬಂದಿತ್ತು. ವಿದ್ಯೆಯೇನೂ ಇಲ್ಲ. ಎದುರಿಗೆ ಕೂತು, ಯಾವಾಗ ನಿಂತಿತು, ನಿಲ್ಲುವ ಮುಂಚೆ ಯಾವ ಸದ್ದು ಮಾಡಿತು ಎಂದು ಯೋಚಿಸುವುದು, ಅಷ್ಟೇ.

ಮದುವೆಯಾಗಿ ಬಂದ ಹೊಸತರಲ್ಲಿ ಈ ಮನೆಯ ಮಿಕ್ಸಿ ಇಡ್ಲಿ ಹಿಟ್ಟು ರುಬ್ಬುತ್ತ ನಿಂತಿತ್ತು. ಮೋಟರು ಸುಟ್ಟುಹೋಯಿತು ಎಂದು ಎಲ್ಲರೂ ತೀರ್ಮಾನಿಸಿದ್ದರು. ಅವಳು ಅದನ್ನು ಅಂಗಾತ ಮಲಗಿಸಿ, ತಳದಲ್ಲಿದ್ದ ಸಣ್ಣ ಕೆಂಪು ಗುಂಡಿ ಒತ್ತಿದಳು. ಮಿಕ್ಸಿ ಮತ್ತೆ ತಿರುಗಿತು. ಹೆಚ್ಚು ಭಾರ ಬಿದ್ದಾಗ ತಾನೇ ನಿಂತು ತನ್ನನ್ನು ಉಳಿಸಿಕೊಳ್ಳುವ ಬುದ್ಧಿ ಮಿಕ್ಸಿಗೆ ಇದೆ ಎಂದು ಅವಳು ಆ ಬೀದಿಯ ಹೆಂಗಸರಿಗೆಲ್ಲ ಹೇಳಿಕೊಟ್ಟಳು. “ನಮಗೂ ಒಂದು ಅಂಥ ಗುಂಡಿ ಇಟ್ಟಿದ್ರೆ ಚೆನ್ನಾಗಿರೋದು ಕಣೇ,” ಎಂದು ಪಕ್ಕದ ಮನೆಯವಳು ನಕ್ಕಿದ್ದಳು. ಫ್ರಿಜ್ಜಿನ ಬಾಗಿಲು ಸರಿಯಾಗಿ ಅಂಟದಿದ್ದರೆ ಅದರ ರಬ್ಬರನ್ನು ಬಿಸಿನೀರಿನಲ್ಲಿ ಒರೆಸಬೇಕು, ರಿಮೋಟು ಕೆಲಸ ಮಾಡದಿದ್ದರೆ ಗೋಡೆಗೆ ಕುಟ್ಟುವ ಬದಲು ಒಳಗಿನ ಕರಿ ಪಟ್ಟಿಯನ್ನು ರಬ್ಬರಿನಿಂದ ಉಜ್ಜಬೇಕು, ಇನ್ವರ್ಟರಿನ ಬ್ಯಾಟರಿಗೆ ಬೋರಿನ ನೀರು ಹಾಕಬಾರದು: ಇಂಥವು ಅವಳಿಂದ ಆ ಬೀದಿಯಲ್ಲಿ ಹರಡಿದವು. ಅವಳ ಗಂಡ ಮುರಳಿಮೋಹನ ಇದಕ್ಕೆ ಇಟ್ಟ ಹೆಸರು ‘ಕೈಗುಣ’. ಕೈಗುಣ ಎಂದುಬಿಟ್ಟರೆ ಅದು ದೇವರು ಕೊಟ್ಟದ್ದಾಗುತ್ತದೆ, ಕಷ್ಟಪಟ್ಟು ಕಲಿತದ್ದಾಗುವುದಿಲ್ಲ.

ವಾಷಿಂಗ್ ಮಷೀನು ಬಂದದ್ದು ಗೃಹಪ್ರವೇಶದ ದಿನ. ಹಳೆಯ ಹೆಂಚಿನ ಮನೆ ಬೀಳಿಸಿ ಆರ್‌ಸಿಸಿ ಕಟ್ಟಿಸಿದಾಗ, ಅವಳ ತಮ್ಮ ನರೇಂದ್ರ ಶಿಡ್ಲಘಟ್ಟದಿಂದ ಟೆಂಪೋದಲ್ಲಿ ಹಾಕಿಸಿಕೊಂಡು ಬಂದು ಪಡಸಾಲೆಯಲ್ಲಿ ಇಳಿಸಿದ. ಮುಂದೆ ದುಂಡನೆಯ ಗಾಜಿನ ಬಾಗಿಲಿದ್ದ ದೊಡ್ಡ ಮಷೀನು. “ಅಕ್ಕನ ಕೈಗೆ ಸ್ವಲ್ಪ ರೆಸ್ಟು ಸಿಗಲಿ ಅಂತ,” ಎಂದ. ಬಂದ ನೆಂಟರೆಲ್ಲ ನೋಡಲಿ ಎಂದು ಅದನ್ನು ಪಡಸಾಲೆಯಲ್ಲೇ, ಟಿವಿಯ ಎದುರುಗೋಡೆಗೆ ಇಟ್ಟರು. ಅರಿಶಿನ, ಕುಂಕುಮ, ಹೂವು ಬಿತ್ತು. ಮಂಗಳಾರತಿಯೂ ಆಯಿತು.

ಮಾರನೆಯ ದಿನ ಶೋಭಾರಾಣಿ ತನ್ನ ಸೀರೆ, ರವಿಕೆ, ಒಳಲಂಗ ಎತ್ತಿಕೊಂಡು ಬಂದಾಗ ಚಿಕ್ಕವೆಂಕಟಮ್ಮ ತಡೆದಳು.

“ಅಯ್ಯೋ ದೇವುಡಾ, ಇದೇನಮ್ಮಾ? ನಿಮ್ಮ ಮಾವನ ಪಂಚೆ ಬೀಳೋ ಜಾಗಕ್ಕೆ ನಿನ್ನ ಲಂಗ ಹಾಕ್ತೀಯಾ?”

“ಬೇರೆ ಬೇರೆ ಹಾಕ್ತೀನಿ ಅತ್ತೆ. ಮೊದ್ಲು ಅವರದು, ಆಮೇಲೆ ನಮ್ಮದು.”

“ಡ್ರಮ್ಮು ಒಂದೇ ಅಲ್ವೇನಮ್ಮಾ. ಪೂಜೆ ಆಗಿರೋ ಮಷೀನು. ಗಂಡಸರ ಬಟ್ಟೆ ಮಾತ್ರ ಹಾಕು.”

ಅಲ್ಲಿಗೆ ಮುಗಿಯಿತು. ಆ ಮನೆಯಲ್ಲಿ ಹೆಂಗಸರ ಬಟ್ಟೆಗೆ ಒಗೆಯುವ ಕಲ್ಲು ಬೇರೆ, ಬಕೀಟು ಬೇರೆ, ಒಣಹಾಕುವ ತಂತಿ ಬೇರೆ. ಮುಂದಿನ ತಾರಸಿಯ ತಂತಿಯಲ್ಲಿ ಅಂಗಿ, ಪಂಚೆ, ಪ್ಯಾಂಟು ಬಿಸಿಲು ಕಾಯಿಸುತ್ತವೆ. ಕೊಟ್ಟಿಗೆಯ ಹಿಂದಿನ ತಂತಿಯಲ್ಲಿ ಸೀರೆ. ಸೀರೆಯ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ಒಳಲಂಗ. ಲಂಗದ ಅಡಿಯಲ್ಲಿ ಇನ್ನುಳಿದವು. ಅಡಿಯಲ್ಲಿದ್ದವು ಸಂಜೆಯಾದರೂ ಪೂರಾ ಒಣಗುತ್ತಿರಲಿಲ್ಲ. ಹಸಿಹಸಿಯಾಗಿಯೇ ಉಟ್ಟು ಸೊಂಟದ ಸುತ್ತ ತುರಿಕೆಯಾದಾಗ, ಹೆಂಗಸರ ಮೈಯೇ ಹಾಗೆ ಎಂದು ಅತ್ತೆ ಪೌಡರು ಕೊಟ್ಟಿದ್ದಳು.

ಇಬ್ಬರು ಗಂಡಸರ ಬಟ್ಟೆಗೆ ಅಷ್ಟು ದೊಡ್ಡ ಮಷೀನು. ಮೂವರು ಹೆಂಗಸರ ಬಟ್ಟೆಗೆ ಒಬ್ಬಳ ಎರಡು ಕೈ.

ಈ ವರ್ಷ ಅವಳ ಬಲಗೈಯ ಮಣಿಕಟ್ಟು ಊದಿಕೊಂಡಿತು. ಹೆಬ್ಬೆರಳು ಮಡಿಸಿದರೆ ಪ್ರಾಣ ಹೋದಷ್ಟು ನೋವು. ಗೌರಿಬಿದನೂರಿನ ಡಾಕ್ಟರು ಒತ್ತಿ ನೋಡಿ, “ಬಟ್ಟೆ ಹಿಂಡೋದು ನಿಲ್ಲಿಸಿ,” ಎಂದರು. ಪಕ್ಕದಲ್ಲಿ ನಿಂತಿದ್ದ ಮುರಳಿಮೋಹನ ಥಟ್ಟನೆ, “ಮನೇಲಿ ಮಷೀನ್ ಇದೆ ಸಾರ್,” ಎಂದ. ಅವನು ಸುಳ್ಳು ಹೇಳಲಿಲ್ಲ. ಅವನ ಬಟ್ಟೆಗಳು ಮಷೀನಿನಲ್ಲೇ ಒಗೆಯಲ್ಪಡುತ್ತಿದ್ದವು. ಉಳಿದವು ಎಲ್ಲಿ ಒಗೆಯಲ್ಪಡುತ್ತವೆ ಎಂದು ನೋಡಲು ಅವನು ಕತ್ತಲಲ್ಲಿ ಎದ್ದಿರಲಿಲ್ಲ. ಡಾಕ್ಟರು, “ಹಾಗಾದ್ರೆ ಇನ್ನೇನಮ್ಮಾ,” ಎಂದು ಮುಲಾಮು ಬರೆದುಕೊಟ್ಟರು.

ಆ ಮುಲಾಮು ಹಚ್ಚಿಕೊಂಡ ಕೈಯಲ್ಲೇ ಒಂದು ಗುರುವಾರ ಅವಳು ಗಂಡನ ಬಿಳಿ ಅಂಗಿಗಳ ಜೊತೆಗೆ, ಮಾವನ ಬಿಳಿ ಪಂಚೆಯೊಳಗೆ ತನ್ನ ನೇರಳೆ ಒಳಲಂಗವನ್ನು ಸುತ್ತಿ ಮಷೀನಿಗೆ ಹಾಕಿದಳು. ಬಣ್ಣ ಬಿಡುವ ವಯಸ್ಸನ್ನು ಆ ಲಂಗ ಎಂದೋ ದಾಟಿತ್ತು. ಯಾರೂ ಏಳುವ ಮುಂಚೆ ಒಗೆದು, ಹಿಂಡಿ, ತೆಗೆದುಬಿಟ್ಟರಾಯಿತು ಎಂದುಕೊಂಡಿದ್ದಳು. ಮಷೀನು ನೀರು ತುಂಬಿಕೊಂಡಿತು, ಆ ಕಡೆ ಈ ಕಡೆ ತಿರುಗಿತು, ಒಮ್ಮೆ ಗೊರಗೊರ ಎಂದಿತು. ಆಮೇಲೆ ಪೀಂ ಪೀಂ ಎಂದು ಕೂಗಿ ನಿಂತೇಬಿಟ್ಟಿತು. ಒಳಗೆ ಅರ್ಧ ಡ್ರಮ್ಮು ನೀರು. ಬಾಗಿಲು ಎಳೆದರೆ ಅಲುಗುವುದಿಲ್ಲ. ಸ್ವಿಚ್ಚು ಆರಿಸಿ ಹಾಕಿದಳು, ಪ್ಲಗ್ಗು ಕಿತ್ತು ಸಿಕ್ಕಿಸಿದಳು. ಜಪ್ಪಯ್ಯ ಎಂದರೂ ಕದಲಲಿಲ್ಲ. ಪಂಚೆಯಿಂದ ಬಿಡಿಸಿಕೊಂಡ ಲಂಗ ಮೆಲ್ಲಗೆ ಮುಂದಕ್ಕೆ ತೇಲಿಬಂದು, ದುಂಡು ಗಾಜಿಗೆ ಮುಖ ಒತ್ತಿ ನಿಂತಿತು. ಪಡಸಾಲೆಗೆ ಬಂದವರಿಗೆ ಮೊದಲು ಕಾಣುವುದು ಅದೇ.

ಮೊದಲು ಕಂಡದ್ದು ಮಗಳು ಚೈತನ್ಯಳಿಗೆ. ಚಿಕ್ಕಬಳ್ಳಾಪುರದ ಕಾಲೇಜಿಗೆ ಹೊರಟು ನಿಂತವಳು ಬ್ಯಾಗು ಕೆಳಗಿಟ್ಟು, “ಅಮ್ಮಾ, ಇದೇನಿದು, ಅಕ್ವೇರಿಯಮ್ಮಾ?” ಎಂದಳು.

ಎರಡನೆಯದಾಗಿ ಕಂಡದ್ದು ಚಿಕ್ಕವೆಂಕಟಮ್ಮನಿಗೆ. ಆಕೆ ಕೂಗಲಿಲ್ಲ. ಮಷೀನಿನ ಎದುರು ನಿಂತು, ಬಾಯಿಗೆ ಸೆರಗು ಒತ್ತಿಕೊಂಡು, ಲಂಗವನ್ನೂ ಸೊಸೆಯನ್ನೂ ಬದಲಿಸಿ ಬದಲಿಸಿ ನೋಡಿದಳು.

“ಯಾವತ್ತಿಂದ ನಡೀತಿದೆ ಇದು?”

“ಇವತ್ತೇ ಅತ್ತೆ. ಕೈ ಆಗ್ತಿಲ್ಲ.”

“ನೋಡ್ದ್ಯಾ? ಇವತ್ತೇ ಹಾಕ್ದೆ, ಇವತ್ತೇ ನಿಂತೋಯ್ತು. ದೇವರಿದ್ದಾನಾ ಇಲ್ವಾ?”

“ದೇವರಿಗೆ ಬೇರೆ ಕೆಲಸ ಇರಲ್ವಾ ಅಜ್ಜಿ,” ಎಂದಳು ಚೈತನ್ಯ. “ಅಮ್ಮನ ಪೆಟಿಕೋಟ್ ಕಾಯ್ತಾ ಕೂತಿರ್ತಾನಾ?”

“ನಡಿಯೇ ನೀನು, ಬಸ್ಸು ತಪ್ಪೋಗುತ್ತೆ.”

ಮಾವ ಬಯ್ಯಪ್ಪ ಆ ಹೊತ್ತಿಗೆ ಕಿವಿಯ ಮಷೀನು ಹಾಕಿಕೊಂಡಿರಲಿಲ್ಲ. ಏನಾಯಿತೆಂದು ಯಾರೂ ಅವರಿಗೆ ಕೂಗಿ ಹೇಳಲು ಹೋಗಲಿಲ್ಲ. ಅವರು ಗಾಜಿನ ಕಡೆ ನೋಡಿ, ಮುಖ ತಿರುಗಿಸಿ, ತೋಟಕ್ಕೆ ಹೋದರು.

ಚಿಕ್ಕವೆಂಕಟಮ್ಮ ಒಂದು ದಪ್ಪ ಟವೆಲು ತಂದು ಮಷೀನಿನ ಗಾಜಿಗೆ ಹೊದಿಸಿದಳು. ಅದು ಜಾರಿ ಬೀಳದಿರಲೆಂದು ಮೇಲೆ ಮಸಾಲೆ ಕುಟ್ಟುವ ಕಲ್ಲಿಟ್ಟಳು. ಮುಸುಕು ಹಾಕಿದ ಮೇಲೆ ಮಷೀನು ಇನ್ನೂ ಹೆಚ್ಚು ಕಣ್ಣಿಗೆ ಬೀಳತೊಡಗಿತು. ಬಂದವರೆಲ್ಲ, “ಇದ್ಯಾಕೆ ಹಿಂಗೆ ಮುಚ್ಚಿದ್ದೀರಿ?” ಎಂದು ಕೇಳುತ್ತಿದ್ದರು. ಚಿಕ್ಕವೆಂಕಟಮ್ಮ, “ಧೂಳು ಕಣಮ್ಮಾ,” ಎನ್ನುತ್ತಿದ್ದಳು. ಶುಕ್ರವಾರದ ಹೊತ್ತಿಗೆ ಒಳಗಿನ ನೀರು ನಾತ ಹಿಡಿದು, ಧೂಳಲ್ಲ ಎಂದು ಎಲ್ಲರಿಗೂ ತಿಳಿಯಿತು.

ಬಸ್‌ಸ್ಟ್ಯಾಂಡಿನ ಬಳಿ ಅಂಗಡಿ ಇಟ್ಟಿದ್ದ ಸುನೀಲ್‌ಕುಮಾರನನ್ನು ಮುರಳಿಮೋಹನ ಕರೆತಂದ. ಸುನೀಲ್‌ಕುಮಾರ ಫ್ಯಾನು, ಮೋಟರು ರಿಪೇರಿಯಲ್ಲಿ ಗಟ್ಟಿಗ. ಮಷೀನಿನ ಹಿಂದೆ ಬಗ್ಗಿ ನೋಡಿದ, ಪಕ್ಕಕ್ಕೆ ತಟ್ಟಿದ. ಟವೆಲು ಎತ್ತಲು ಹೋದ. ಚಿಕ್ಕವೆಂಕಟಮ್ಮ, “ಅದನ್ನ ಮುಟ್ಬೇಡಪ್ಪ,” ಎಂದಳು. ರೋಗಿಯ ಮುಖವನ್ನೇ ನೋಡಲು ಬಿಡದಿದ್ದರೆ ಅವನಾದರೂ ಏನು ಮಾಡಿಯಾನು?

“ಬೋರ್ಡ್ ಹೋಗಿರ್ಬೇಕು ಅಣ್ಣ. ಇವು ನಮ್ಮ ಕೈಲಿ ಆಗಲ್ಲ, ಕಂಪನಿಯೋರೇ ಬರ್ಬೇಕು.”

‘ಬೋರ್ಡು’ ಎಂಬ ಮಾತು ಮುರಳಿಮೋಹನನಿಗೆ ಸಿಹಿಯಾಗಿ ಕೇಳಿತು. ಅವನು ಗೌರಿಬಿದನೂರಿನ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸ ಮಾಡುತ್ತಿದ್ದ. ದಾರಿಯಲ್ಲಿದ್ದ ಷೋರೂಮಿನ ಗಾಜಿನೊಳಗೆ ಗೋಡೆಯಗಲದ ಟಿವಿ ಕಂಡಾಗಿನಿಂದ ಅವನ ಮನಸ್ಸು ಅಲ್ಲೇ ಸುತ್ತುತ್ತಿತ್ತು. ಹಳೆಯ ಯಾವ ಸಾಮಾನು ಕೊಟ್ಟರೂ ಹೊಸದರ ಬೆಲೆಯಲ್ಲಿ ಮುರಿದುಕೊಳ್ಳುತ್ತೇವೆ ಎಂದು ಅವರು ಬರೆದು ತೂಗುಹಾಕಿದ್ದರು.

“ಎಕ್ಸ್‌ಚೇಂಜಿಗೆ ಹಾಕ್ಬಿಡ್ತೀನಿ ಕಣೇ,” ಎಂದ ಶನಿವಾರ, ಊಟಕ್ಕೆ ಕೂತಾಗ. “ಸೋಮವಾರ ಬೆಳಿಗ್ಗೆ ಅವರೇ ಗಾಡಿ ಕಳಿಸ್ತಾರಂತೆ.”

ಶೋಭಾರಾಣಿ ಮುದ್ದೆ ಇಡುತ್ತಿದ್ದವಳು ನಿಂತಳು. “ಅದು ನಮ್ಮ ನರೇಂದ್ರ ನಂಗೆ ಕೊಟ್ಟಿದ್ದು.”

“ಕೊಟ್ಟ, ಕೆಟ್ಟೋಯ್ತು. ಕೆಟ್ಟಿದ್ದು ಇಟ್ಕೊಂಡು ಏನ್ ಮಾಡಣ? ಟಿವಿ ಬಂದ್ರೆ ಎಲ್ಲರೂ ನೋಡ್ತೀವಿ.”

“ಬಟ್ಟೆ?”

“ಮೊದ್ಲು ಒಗೀತಿರ್ಲಿಲ್ವಾ? ಆವಾಗ ನಾವೇನು ಕೊಳಕು ಹಾಕ್ಕೊಂಡು ಓಡಾಡ್ತಿದ್ವಾ?”

‘ಒಗೀತಿರ್ಲಿಲ್ವಾ’ ಎಂದನೇ ಹೊರತು ‘ನೀನು’ ಎಂಬ ಮಾತು ಬಾಯಿಂದ ಬರಲಿಲ್ಲ. ಬಟ್ಟೆ ತಾನಾಗಿಯೇ ಒಗೆದುಕೊಳ್ಳುತ್ತಿದ್ದ ಹಾಗೆ. ಅವಳು ತನ್ನ ಊದಿದ ಮಣಿಕಟ್ಟನ್ನು ನೋಡಿಕೊಂಡಳು. ಈಗ ಹೆಂಗಸರ ಬಟ್ಟೆಯ ಜೊತೆಗೆ ಗಂಡಸರದೂ ಕಲ್ಲಿಗೆ ಬರುತ್ತದೆ. ತೋಟದ ಕೆಸರಿನ ಪಂಚೆ, ಕಾರ್ಖಾನೆಯ ಎಣ್ಣೆ ಕಲೆಯ ಪ್ಯಾಂಟು. ಈ ಕೈ ಇನ್ನೆಷ್ಟು ದಿನ ತಡೆದೀತು?

“ಎಕ್ಸ್‌ಚೇಂಜಿಗೆ ಹೋಗೋ ಮಷೀನಲ್ಲಿ ಅಮ್ಮನ ಲಂಗನೂ ಹೋಗುತ್ತಾ ಅಪ್ಪ?” ಎಂದಳು ಚೈತನ್ಯ. “ಗೌರಿಬಿದನೂರು ಮೇನ್ ರೋಡಲ್ಲಿ ಷೋರೂಮ್ನೋರು ತೆಗೆದು ತೋರಿಸ್ತಾರಾ?”

ಮುರಳಿಮೋಹನ ಬಾಯಿಗೆ ಒಯ್ದ ಮುದ್ದೆಯನ್ನು ತಟ್ಟೆಗೆ ಇಳಿಸಿದ. ಅದನ್ನು ಅವನು ಯೋಚಿಸಿರಲಿಲ್ಲ.

“ನಡೆದ್ರೆ ಕೊಡಲ್ಲ ತಾನೆ?” ಎಂದಳು ಶೋಭಾರಾಣಿ.

“ನಡೆದ್ರೆ ಯಾಕ್ ಕೊಡ್ಲಿ? ನಡೆಸು ನೋಡಣ, ಅದೇನು ಮಿಕ್ಸಿ ಅಂದ್ಕೊಂಡ್ಯಾ?”

ಚಿಕ್ಕವೆಂಕಟಮ್ಮ ತನ್ನ ಮಾತನ್ನೂ ಸೇರಿಸಿದಳು. “ನಡೆದ್ರೂ ಹಂಗೇ ಬಳಸೋ ಹಂಗಿಲ್ಲ. ಅರಿಶಿನದ ನೀರು ಹಾಕಿ ಶುದ್ಧ ಮಾಡ್ಬೇಕು. ನೀನು ಕೈಯಾರೆ ತಪ್ಪುಗಾಣಿಕೆ ಕಟ್ಬೇಕು ಕಣಮ್ಮಾ. ಇನ್ಮೇಲೆ ಹೆಂಗಸರ ಬಟ್ಟೆ ಹಾಕಲ್ಲ ಅಂತ ದೇವರ ಮುಂದೆ ಹೇಳಿ ಕಟ್ಬೇಕು.” ಹಾಗೆಂದು ಅರಿಶಿನದಲ್ಲಿ ಅದ್ದಿದ ಒಂದು ತುಂಡು ಬಟ್ಟೆಯನ್ನೂ ಕಾಸನ್ನೂ ದೇವರ ಗೂಡಿನಲ್ಲಿ ಸಿದ್ಧವಾಗಿಯೇ ಇಟ್ಟಳು. ಗಂಟು ಹಾಕುವುದೊಂದು ಬಾಕಿ.

ಭಾನುವಾರ ಚಿಂತಾಮಣಿಯಲ್ಲಿ ಚಿಕ್ಕವೆಂಕಟಮ್ಮನ ತಂಗಿಯ ಮೊಮ್ಮಗುವಿನ ನಾಮಕರಣ. ಎಲ್ಲರೂ ಕಾರು ಹತ್ತಿದರು. ಶೋಭಾರಾಣಿ ಹತ್ತಲಿಲ್ಲ.

“ಎಲ್ಲರೂ ಕೇಳ್ತಾರೆ ಕಣೇ, ಏನಂತ ಹೇಳ್ಲಿ?” ಎಂದ ಮುರಳಿಮೋಹನ.

“ಲಂಗ ಕಾಯ್ತಾ ಕೂತಿದ್ದಾಳೆ ಅನ್ನಿ.”

ಮುಂದಿನ ಸೀಟಿನಲ್ಲಿದ್ದ ಬಯ್ಯಪ್ಪನವರಿಗೆ ಈ ಸಲ ಕೇಳಿಸಿತು. ಅವರ ಹೆಗಲು ಅಲುಗಿತು. ಕೆಮ್ಮೋ ನಗುವೋ ತಿಳಿಯಲಿಲ್ಲ.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಶೋಭಾರಾಣಿ ಬಾಗಿಲು ಹಾಕಿಕೊಂಡು ಬಂದು, ಕಲ್ಲು ಇಳಿಸಿ, ಟವೆಲು ಕಿತ್ತು ಎಸೆದಳು. ಲಂಗ ಇದ್ದಲ್ಲೇ ಇತ್ತು. ಅದರ ಎದುರಿಗೆ ನೆಲದ ಮೇಲೆ ಕೂತಳು. ಯಾವಾಗ ನಿಂತಿತು? ನೀರು ತುಂಬಿಕೊಂಡು, ತಿರುಗಿ, ನೀರು ಹೊರಹಾಕುವ ಹೊತ್ತಿಗೆ. ಯಾವ ಸದ್ದು ಮಾಡಿತು? ಗೊರಗೊರ, ಗಂಟಲಲ್ಲಿ ಏನೋ ಸಿಕ್ಕಿಕೊಂಡವರ ಹಾಗೆ. ಬೋರ್ಡು ಹೋಗಿದ್ದರೆ ದೀಪಗಳು ಹತ್ತುತ್ತಲೇ ಇರಲಿಲ್ಲ. ಇದರ ತಲೆ ನೆಟ್ಟಗಿದೆ, ಹೊಟ್ಟೆ ಕಟ್ಟಿದೆ ಎನ್ನಿಸಿತು. ಆದರೆ ಹೊಟ್ಟೆಗೆ ದಾರಿ ಯಾವ ಕಡೆಯಿಂದ?

ಮಷೀನಿನ ಮಗ್ಗುಲಲ್ಲಿ ಕಂಪನಿಯ ನಂಬರಿನ ಚೀಟಿ ಅಂಟಿಸಿತ್ತು. ಇಷ್ಟು ವರ್ಷದಲ್ಲಿ ಅದಕ್ಕೆ ಯಾರೂ ಫೋನು ಮಾಡಿರಲಿಲ್ಲ. ಹಿಂದಿಯಲ್ಲಿ ಮಾತಾಡುತ್ತಾರೆ ಎಂದು ಮುರಳಿಮೋಹನ ಹೇಳಿದ್ದ. ಅವಳು ಮಾಡಿದಳು. ಕನ್ನಡಕ್ಕಾಗಿ ಒಂದು ಗುಂಡಿ ಒತ್ತಿ ಎಂದಿತು, ಒತ್ತಿದಳು. ಸಂಗೀತ ಬಹಳ ಹೊತ್ತು ಬಂತು. ಕೊನೆಗೆ ಒಬ್ಬ ಹುಡುಗಿಯ ದನಿ.

“ನಮಸ್ಕಾರ, ನಾನು ಸಂಘಮಿತ್ರ ಮಾತಾಡ್ತಿದ್ದೀನಿ. ಮಷೀನ್ ಯಾರ ಹೆಸರಲ್ಲಿ ರಿಜಿಸ್ಟರ್ ಆಗಿದೆ ಮೇಡಂ?”

“ಮುರಳಿಮೋಹನ್.”

“ಅವರು ಇದ್ದಾರಾ? ರಿಜಿಸ್ಟರ್ ಆಗಿರೋರ ಹತ್ರನೇ ಮಾತಾಡ್ಬೇಕು ಮೇಡಂ.”

ಶೋಭಾರಾಣಿ ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿದಳು. “ನಾನೇ ಮುರಳಿಮೋಹನ್.”

ಆ ಕಡೆ ಹುಡುಗಿ ಗಂಟಲು ಸರಿಮಾಡಿಕೊಂಡಳು. “ಸರಿ. ಹೇಳಿ ಮುರಳಿಮೋಹನ್ ಮೇಡಂ, ಏನ್ ಪ್ರಾಬ್ಲಮ್?”

ಅವಳು ಹೇಳಿದಳು. ನಿಂತದ್ದು, ಕೂಗಿದ್ದು, ಗೊರಗೊರ ಎಂದದ್ದು, ಬಾಗಿಲು ಬಿಡದಿರುವುದು. ಲಂಗದ ಸಂಗತಿಯನ್ನೂ ಹೇಳಿದಳು. “ಒಂದು ಲಂಗ ಹಾಕಿದ್ದಕ್ಕೆ ಮಷೀನ್ ಕೆಡುತ್ತಾ ತಾಯಿ?”

“ಒಳಗಿರೋದು ಲಂಗನೋ ಪ್ಯಾಂಟೋ ಅಂತ ಮಷೀನಿಗೆ ಹೆಂಗ್ ಗೊತ್ತಾಗುತ್ತೆ ಮೇಡಂ? ಕೆಳಗಡೆ ಮೂಲೇಲಿ ಒಂದು ಪುಟ್ಟ ಬಾಗಿಲಿದೆಯಾ ನೋಡಿ, ಚೌಕಾಕಾರದ್ದು.”

“ಇದೆ. ಅದರ ಮೇಲೆ ಕುಂಕುಮ ಇದೆ.”

“ಏನು ಮೇಡಂ?”

“ಆಯುಧ ಪೂಜೇಲಿ ಅಲ್ಲಿಗೇ ಹೂವು ಸಿಕ್ಕಿಸೋದು. ಸಂದಿ ಇದೆಯಲ್ಲ, ಹೂವು ಚೆನ್ನಾಗಿ ನಿಲ್ಲುತ್ತೆ.”

ಹುಡುಗಿ ಈ ಸಲ ನಗೆ ತಡೆಯಲಿಲ್ಲ. “ಅದು ಹೂವು ಸಿಕ್ಕಿಸೋಕಲ್ಲ ಮೇಡಂ, ತೆಗೆಯೋಕೆ. ಅದರೊಳಗೆ ಫಿಲ್ಟರ್ ಇರುತ್ತೆ, ನೀರು ಹೋಗೋ ದಾರೀಲಿ ಕಸ ಹಿಡಿಯೋದು. ತಿಂಗಳಿಗೊಂದ್ಸಲ ಕ್ಲೀನ್ ಮಾಡ್ಬೇಕು. ಯಾವತ್ತಾದ್ರೂ ತೆಗೆದಿದ್ರಾ?”

ತೆಗೆಯುವುದಿರಲಿ, ಅಲ್ಲಿ ಬಿದ್ದ ಕುಂಕುಮವನ್ನು ಒರೆಸಲೂ ಅತ್ತೆ ಬಿಟ್ಟಿರಲಿಲ್ಲ. ಪ್ರತಿ ವರ್ಷ ಆ ಪುಟ್ಟ ಬಾಗಿಲಿಗೆ ಕೈಮುಗಿದು, ಮಂಗಳಾರತಿ ಎತ್ತಿ, ಅದನ್ನು ಮುಚ್ಚಿಯೇ ಇಟ್ಟಿದ್ದರು.

ಸಂಘಮಿತ್ರ ನಿಧಾನವಾಗಿ ಹೇಳಿಕೊಟ್ಟಳು. ಮೊದಲು ಪ್ಲಗ್ಗು ಕೀಳಿ. ಫಿಲ್ಟರನ್ನು ಒಂದೇ ಸಲ ತಿರುಗಿಸಬೇಡಿ, ನೀರು ನುಗ್ಗುತ್ತದೆ. ಪಕ್ಕದಲ್ಲಿ ಬೆರಳಷ್ಟು ದಪ್ಪದ ಪೈಪಿದೆ, ಅದರ ಮುಚ್ಚಳ ತೆಗೆದು ನೀರು ಬಸಿಯಿರಿ. ಪೂರಾ ಖಾಲಿಯಾದ ಮೇಲೆ ಫಿಲ್ಟರು ತಿರುಗಿಸಿ ತೆಗೆದು ತೊಳೆಯಿರಿ. ಮತ್ತೆ ಕರೆಂಟು ಕೊಟ್ಟರೆ ಬಾಗಿಲು ತಾನೇ ಬಿಟ್ಟುಕೊಳ್ಳುತ್ತದೆ.

“ನಿಮ್ಮದು ಬೋರಿನ ನೀರಾ ಮೇಡಂ? ಹಂಗಾದ್ರೆ ಆವಾಗಾವಾಗ ನಿಂಬೆ ಉಪ್ಪು ಹಾಕಿ, ಬಿಸಿನೀರಲ್ಲಿ ಮಷೀನ್ ಖಾಲಿ ಓಡಿಸಿ, ಒಳಗಿನ ಬಿಳಿ ಗಷ್ಟು ಹೋಗುತ್ತೆ. ಸೋಪಿನ ಪುಡಿ ಕಮ್ಮಿ ಹಾಕಿ. ಡ್ರಮ್ ಕತ್ತಿನ ತನಕ ತುಂಬಬೇಡಿ, ಮೇಲೆ ಒಂದು ಕೈ ಹಿಡಿಸೋಷ್ಟು ಜಾಗ ಬಿಡಿ. ಅಷ್ಟು ಮಾಡಿದ್ರೆ ಇನ್ನೂ ತುಂಬಾ ವರ್ಷ ಬರುತ್ತೆ, ಮುರಳಿಮೋಹನ್ ಮೇಡಂ.”

ಶೋಭಾರಾಣಿ ಸೆರಗು ಸಿಕ್ಕಿಸಿಕೊಂಡಳು. ಹಪ್ಪಳ ಒಣಗಿಸುವ ಅಗಲದ ತಟ್ಟೆಯನ್ನು ಪೈಪಿನ ಅಡಿಗೆ ಇಟ್ಟಳು. ಹೊರಬಂದ ನೀರಿನ ನಾತಕ್ಕೆ ಎದ್ದು ಕಿಟಕಿ ತೆರೆದಳು. ತಟ್ಟೆ ತುಂಬುವುದು, ಪೈಪಿನ ಬಾಯಿ ಮುಚ್ಚುವುದು, ಬಕೀಟಿಗೆ ಸುರಿಯುವುದು, ಬಕೀಟನ್ನು ಎಡಗೈಯಲ್ಲಿ ಹೊತ್ತು ತೆಂಗಿನ ಬುಡಕ್ಕೆ ಹಾಕಿ ಬರುವುದು. ನೀರು ಇಳಿದಂತೆಲ್ಲ ಲಂಗ ಗಾಜು ಬಿಟ್ಟು ಕೆಳಗೆ ಕುಸಿಯಿತು. ಪಡಸಾಲೆಯ ಹೊಸ ಟೈಲ್ಸಿನ ಮೇಲೆಲ್ಲ ಕಪ್ಪು ನೀರು ಹರಿಯಿತು. ಹರಿಯಲಿ ಎಂದು ಬಿಟ್ಟಳು.

ಫಿಲ್ಟರು ಬಿಗಿದುಕೊಂಡಿತ್ತು. ಬಲಗೈ ಒಪ್ಪಲಿಲ್ಲ. ಎಡಗೈಗೆ ಬಟ್ಟೆ ಸುತ್ತಿ, ಹಲ್ಲು ಕಚ್ಚಿ ತಿರುಗಿಸಿದಳು. ಗಟ್ಟಿಯಾಗಿ ಬೈದಳು. ಯಾರನ್ನು ಬೈದಳೋ, ಫಿಲ್ಟರಿನ ಜೊತೆಗೆ ಇನ್ನೂ ಕೆಲವರ ಹೆಸರು ಅದರಲ್ಲಿ ಬಂತು. ಅದು ಸಡಿಲಗೊಂಡು, ಲೋಳೆಯ ಮುದ್ದೆಯೊಂದನ್ನು ಎಳೆದುಕೊಂಡು ಕೈಗೆ ಬಂತು.

ಆ ಮುದ್ದೆಯನ್ನು ಅವಳು ನಲ್ಲಿಯ ಕೆಳಗೆ ಬಿಡಿಸಿದಳು. ಪೆನ್ನಿನ ಮುಚ್ಚಳ. ಅಡಿಕೆಯ ಚೂರುಗಳು. ಬಿಟ್ಟೇಬಿಟ್ಟೆ ಎಂದು ಮುರಳಿಮೋಹನ ಆಣೆ ಇಟ್ಟಿದ್ದ ಗುಟ್ಕಾದ ಪೊಟ್ಟಣ, ಮಡಿಸಿದ್ದು, ಒಂದಲ್ಲ. ಹಲ್ಲುಕಡ್ಡಿ. ಕಾರ್ಖಾನೆಯ ಸಣ್ಣ ನಟ್ಟು. ಮಾವನ ಕಿವಿಯ ಮಷೀನಿನ ಸೆಲ್ಲು: ಶೋಭಾರಾಣಿಯೇ ಎಲ್ಲೋ ಕಳೆದಳೆಂದು ಬೈಸಿಕೊಂಡಿದ್ದು ಇದಕ್ಕೇ. ಉದ್ದ ಕೂದಲು ಇರಲೇ ಇಲ್ಲ ಎಂದರೆ ಸುಳ್ಳಾದೀತು. ಇತ್ತು, ಅಂಗಿಯ ಗುಂಡಿಗೆ ಸುತ್ತಿಕೊಂಡು. ಲಂಗದ ಲಾಡಿಯ ಒಂದು ಎಳೆಯೂ ಇರಲಿಲ್ಲ.

ಒಂದು ಕಾಲದಲ್ಲಿ ಅವಳು ಒಗೆಯುವ ಮುಂಚೆ ಜೇಬು ತಡಕುತ್ತಿದ್ದಳು. “ನನ್ನ ಜೇಬಿಗೆ ಕೈ ಹಾಕ್ಬೇಡ ನೀನು, ಪೊಲೀಸ್ನೋಳ ಥರ,” ಎಂದು ಗಂಡ ಜಗಳವಾಡಿದ ಮೇಲೆ ಬಿಟ್ಟಿದ್ದಳು. ಆ ಜೇಬುಗಳೆಲ್ಲ ಬಂದು ಇಲ್ಲಿ ಸೇರಿದ್ದವು. ಮೊದಲು ಅವಳಿಗೆ ನಗು ಬಂತು. ನಗು ನಿಂತ ಮೇಲೆ, ಈ ಕೈಯನ್ನು ಹಿಡಿದು ಅಳಬೇಕು ಎನ್ನಿಸುವಷ್ಟು ಸಿಟ್ಟು ಬಂತು. ಅಳಲಿಲ್ಲ.

ಫಿಲ್ಟರನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ತಿರುಗಿಸಿ ಕೂರಿಸಿದಳು. ಪುಟ್ಟ ಬಾಗಿಲು ಹಾಕಿದಳು. ಪ್ಲಗ್ಗು ಸಿಕ್ಕಿಸಿ ಸ್ವಿಚ್ಚು ಹಾಕಿದಳು. ದೀಪ ಹತ್ತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಟಕ್ ಎಂದಿತು. ಎಳೆದಳು; ದುಂಡು ಬಾಗಿಲು ತೆರೆದುಕೊಂಡಿತು.

ಸರಿಯಾಗಿ ಆಗಲೇ ಮುರಳಿಮೋಹನನ ಫೋನು. ಹಿಂದೆ ನಾಮಕರಣದ ವಾದ್ಯ, ಮಕ್ಕಳ ಗಲಾಟೆ.

“ಏನ್ ಮಾಡ್ತಿದ್ದೀಯ? ನಾಳೆ ಗಾಡಿ ಬರುತ್ತೆ, ಮಷೀನ್ ಸುತ್ತ ಜಾಗ ಬಿಡಿಸಿಟ್ಟಿರು.”

“ಬಾಗಿಲು ತೆಗೀತು.”

“ಹೌದಾ? ಯಾರು ಬಂದಿದ್ರು?”

“ಯಾರೂ ಬಂದಿಲ್ಲ. ನಿಮ್ಮ ಗುಟ್ಕಾ ಪೊಟ್ಟಣ ಸಿಕ್ಕಿಹಾಕ್ಕೊಂಡಿತ್ತು, ತೆಗೆದೆ.”

ಅವನು ದನಿ ತಗ್ಗಿಸಿ, “ಅಮ್ಮನ ಮುಂದೆ ಅದನ್ನೆಲ್ಲ ಹೇಳಕ್ಕೋಗ್ಬೇಡ,” ಎಂದ. “ಸರಿ ಬಿಡು, ನಡೆಯುತ್ತೆ ಅಂದ್ರೆ ಇರ್ಲಿ. ಗಾಡಿಯೋರಿಗೆ ಬೇಡ ಅಂತೀನಿ. ನಂಗೆ ನಾಳೆಗೆ ಬಿಳಿ ಅಂಗಿ ಬೇಕು ಕಣೇ, ಹೆಡ್ ಆಫೀಸ್ನಿಂದ ಸಾಹೇಬ್ರು ಬರ್ತಿದ್ದಾರೆ.”

ಅವನ ಕೈಯಿಂದ ಫೋನು ಕಸಿದುಕೊಂಡ ಹಾಗಾಯಿತು. “ಶೋಭಾ, ಕೇಳ್ತಾ? ಮೊದ್ಲು ನಿನ್ನ ಲಂಗ ತೆಗೆದು ಕಲ್ಲಿನ ಹತ್ರ ಹಾಕು. ಅರಿಶಿನದ ನೀರು ಹಾಕಿ, ಕಾಣಿಕೆ ಗಂಟು ಕಟ್ಟಿ, ಆಮೇಲೆ ಅವನ ಅಂಗಿ ಹಾಕು. ಕೇಳಿಸ್ತಾ?”

“ಕೇಳಿಸ್ತು ಅತ್ತೆ,” ಎಂದಳು. ಕೇಳಿಸಿದ್ದಂತೂ ನಿಜ.

ಫೋನು ಇಟ್ಟಳು. ಕೊಟ್ಟಿಗೆಯಲ್ಲಿ ಹಸು ಒಮ್ಮೆ ಕೊಸರಿತು. ಮಷೀನು ಉಳಿಯಿತು. ನಾಳೆಯಿಂದ ಮತ್ತೆ ಹಿಂದಿನಂತೆಯೇ: ಒಳಗೆ ಅವರ ಬಟ್ಟೆ, ಹೊರಗೆ ಅವಳ ಕೈ. ಇದನ್ನೇ ಉಳಿಸಿಕೊಳ್ಳಲು ನಾನು ಬೆಳಗಿನಿಂದ ಕಪ್ಪು ನೀರಿನಲ್ಲಿ ಕೂತಿದ್ದೆನೇ ಎಂದುಕೊಂಡಳು.

ಲಂಗವನ್ನು ಹೊರಗೆ ತೆಗೆದಳು. ಒದ್ದೆಯಾಗಿ ಭಾರವಾಗಿತ್ತು. ಇದನ್ನು ಹಿತ್ತಲಿಗೆ ಒಯ್ದು, ಕುಕ್ಕಿ, ಸೀರೆಯ ಅಡಿಯಲ್ಲಿ ಒಣಹಾಕಿ, ಹಳದಿ ಬಟ್ಟೆಗೆ ಒಂದು ಗಂಟು ಹಾಕಿಟ್ಟರೆ ಸಂಜೆ ಯಾರೂ ಒಂದು ಮಾತೂ ಆಡುವುದಿಲ್ಲ. ಮೆಚ್ಚಿದರೂ ಮೆಚ್ಚಿಯಾರು. ಅತ್ತೆ ಚಿಂತಾಮಣಿಯ ಮೈಸೂರುಪಾಕಿನಲ್ಲಿ ದೊಡ್ಡ ತುಂಡನ್ನೇ ಕೊಟ್ಟಾಳು. ಹಿತ್ತಲ ಬಾಗಿಲವರೆಗೆ ಹೋದಳು ಕೂಡ. ಕೈ ತಾನಾಗಿ ಲಂಗವನ್ನು ಹಿಂಡಲು ಮಡಿಸಿತು, ಮಣಿಕಟ್ಟಿನಿಂದ ಮೊಣಕೈವರೆಗೆ ನೋವು ಸುಯ್ಯೆಂದು ಹತ್ತಿತು. ಹೊಸ್ತಿಲಲ್ಲಿ ನಿಂತಳು.

ತಿರುಗಿ ಬಂದು ಲಂಗವನ್ನು ಡ್ರಮ್ಮಿಗೆ ಹಾಕಿದಳು. ಕಲ್ಲಿನ ಬಳಿ ಬಕೀಟಿನಲ್ಲಿ ಒಗೆಯದೆ ಬಿದ್ದಿದ್ದ ತನ್ನ ಸೀರೆಗಳನ್ನು ತಂದಳು. ಚೈತನ್ಯಳ ಚೂಡಿದಾರ, ಅತ್ತೆಯ ರವಿಕೆ, ಅತ್ತೆಯದೇ ಎರಡು ಒಳಲಂಗ, ಎಲ್ಲವನ್ನೂ ತಂದು ಹಾಕಿದಳು. ಡ್ರಮ್ಮು ಕತ್ತಿನವರೆಗೆ ತುಂಬಿತು. ಮೇಲೆ ಕೈ ಇಟ್ಟು ನೋಡಿದಳು, ಬೆರಳೂ ಹಿಡಿಸಲಿಲ್ಲ. ಯಾವುದನ್ನಾದರೂ ಹೊರಗಿಡಲೇಬೇಕು.

ಶೋಭಾರಾಣಿ ಡ್ರಮ್ಮಿನಿಂದ ಗಂಡನ ಬಿಳಿ ಅಂಗಿಗಳನ್ನು ಒಂದೊಂದಾಗಿ ಹುಡುಕಿ ತೆಗೆದಳು. ಬಕೀಟಿಗೆ ಹಾಕಿ, ಮೇಲೆ ಸೋಪಿನ ಬಿಲ್ಲೆ ಇಟ್ಟು, ಒಗೆಯುವ ಕಲ್ಲಿನ ಪಕ್ಕ ಇಟ್ಟು ಬಂದಳು. ಕೈಯನ್ನು ಡ್ರಮ್ಮಿನೊಳಗೆ ತೂರಿಸಿ ಮತ್ತೆ ನೋಡಿದಳು. ಈಗ ಹಿಡಿಸಿತು. ದುಂಡು ಬಾಗಿಲು ಮುಚ್ಚಿ, ಗುಂಡಿ ಒತ್ತಿದಳು.